ಸಂಜೆ ಏಳರ ಅಗಸೆ ಹೊಲ

ಝಲೂಗಿ ಗ್ರಾಮ, ಪ್ಸ್ಕೋವ್ ಪ್ರಾಂತ್ಯ
11 ಜನವರಿ 1897

ಮಾನ್ಯ ನಿಕಾಂದ್ರ ಸಾವ್ವಿಚ್ ಒಬ್ನೋರಿನ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ, ಇರಬೇಕಾದ ಕಾರಣವೂ ಇಲ್ಲ. ನಮ್ಮೂರ ಪಾದ್ರಿಯ ಹೆಂಡತಿ ತರಿಸುವ ಮಾಸಪತ್ರಿಕೆ, ಅವರು ಓದಿ ಮುಗಿಸಿದ ಮೇಲೆ ನನ್ನ ಕೈಗೆ ಬರುತ್ತದೆ. ಅದರಲ್ಲಿ ಬರುತ್ತಿರುವ ನಿಮ್ಮ ಕಾದಂಬರಿಯನ್ನು ಚಳಿಗಾಲದ ನೂಲುವ ಕೂಟದಲ್ಲಿ ನಾನೇ ಗಟ್ಟಿಯಾಗಿ ಓದುವುದು. ನನ್ನನ್ನೂ ಸೇರಿಸಿ ನಾವು ಹದಿಮೂರು ಹೆಂಗಸರು, ಉಳಿದವರು ಕದಿರು ತಿರುಗಿಸುತ್ತಾ ಕೇಳುತ್ತಾರೆ. ನಾರಿಗಾಗಿ ಅಗಸೆ ಬೆಳೆಯುವ ಹೆಣ್ಣು ಅನ್ಫೀಸಾಳ ಕಥೆ ನಮಗೆ ನಮ್ಮ ಮನೆಯ ಕಥೆಯೇ ಆಗಿಬಿಟ್ಟಿದೆ. ಬೈಯುವ ಮುಂಚೆ ಅವಳ ಅತ್ತೆ ಕೆಳದುಟಿಯನ್ನು ಒಳಕ್ಕೆ ಮಡಚಿಕೊಳ್ಳುತ್ತಾಳೆಂದು ಬರೆದಿದ್ದೀರಲ್ಲ, ಅದನ್ನು ಕೇಳಿ ಪಕ್ಕದ ಮನೆಯ ದಾರ್ಯಾ ಕೂಗಿಯೇಬಿಟ್ಟಳು: "ಅಯ್ಯೋ, ಈ ಪುಣ್ಯಾತ್ಮ ನಮ್ಮತ್ತೇನ ಎಲ್ಲಿ ನೋಡ್ದ!"

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ ಒಂದು ತಪ್ಪು ಹೇಳುವ ಅಧಿಕಾರ ನಮಗಿದೆ ಅಂದುಕೊಂಡಿದ್ದೇನೆ. ಒಂಬತ್ತನೆಯ ಅಧ್ಯಾಯದಲ್ಲಿ, ಸಂಜೆ ಏಳು ಗಂಟೆಗೆ ಅಗಸೆ ಹೊಲವೆಲ್ಲ ನೀಲಿಯಾಗಿತ್ತು, ಅನ್ಫೀಸಾ ಅದರ ನಡುವೆ ನಿಂತು ಅತ್ತಳು ಎಂದಿದೆ. ಅಗಸೆ ಹೂವು ಬಿಸಿಲು ಬಿದ್ದಾಗ ಅರಳಿ, ಮಧ್ಯಾಹ್ನದ ಹೊತ್ತಿಗೆ ಉದುರಿಹೋಗುತ್ತದೆ. ಅದರ ಆಯುಷ್ಯ ಅಷ್ಟೇ. ಸಂಜೆ ಹೊಲ ಬರೀ ಹಸಿರು. ನಮ್ಮ ಕೂಟಕ್ಕೆಲ್ಲ ಹಿರಿಯಳಾದ ಮೆಲಾನ್ಯಾ ಅಜ್ಜಿ ಕದಿರು ಕೆಳಗಿಟ್ಟು, "ಸಂಜೆ ಏಳಕ್ಕಾ? ಅರವತ್ತೆಂಟು ವರ್ಷದಲ್ಲಿ ನಾನೊಂದೂ ನೋಡಿಲ್ವಲ್ಲಮ್ಮ! ಅವ್ಳು ಅತ್ತಿದ್ದು ಹೂವೆಲ್ಲಿ ಹೋಯ್ತು ಅಂತಾನೇ ಇರ್ಬೇಕು" ಅಂದಳು. ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು.

ಪುಸ್ತಕವಾಗಿ ಬರುವಾಗ ತಿದ್ದಿಕೊಳ್ಳಿ. ಇದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಉಸ್ತಿನ್ಯಾ ಮಕಾರೊವ್ನಾ ಲುಕೀನಾ

*

ಸೇಂಟ್ ಪೀಟರ್ಸ್‌ಬರ್ಗ್
24 ಜನವರಿ 1897

ಮಾನ್ಯ ಉಸ್ತಿನ್ಯಾ ಮಕಾರೊವ್ನಾ ಅವರಿಗೆ,

ಪತ್ರ ತಲುಪಿತು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವವರಿಗೆ ತಿದ್ದುವುದು ಅಭ್ಯಾಸವಾಗಿರುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ.

ಆದರೆ ಒಂದು ಮಾತು ತಿಳಿದಿರಲಿ. ಮೂವತ್ತೊಂದು ವರ್ಷಗಳಿಂದ ನಾನು ಕಣ್ಣಾರೆ ಕಾಣದ ಒಂದು ವಸ್ತುವನ್ನೂ ಬರೆದಿಲ್ಲ. ದಿನವೂ ಊಟಕ್ಕೆ ಕೂರುವ ಮುಂಚೆ, ಆ ದಿನ ನಾನು ಕಂಡ, ಬೇರೆಯವರು ಕಾಣದೆ ದಾಟಿಹೋದ ಮೂರು ಸಂಗತಿಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತೇನೆ. ಬರೆಯದ ದಿನ ಊಟವಿಲ್ಲ. ಅಂಥ ನಲವತ್ತನಾಲ್ಕು ಪುಸ್ತಕಗಳು ನನ್ನ ಬೀರುವಿನಲ್ಲಿವೆ. ಪತ್ರಿಕೆಗಳು ನನ್ನನ್ನು 'ಕಣ್ಣುಳ್ಳ ಲೇಖಕ' ಎಂದು ಕರೆಯುವುದು ಸುಮ್ಮನೆ ಅಲ್ಲ. ಬೇರೆ ಲೇಖಕರಿಗೆ ಕಲ್ಪನೆಯಿದೆ, ಪಾಂಡಿತ್ಯವಿದೆ. ನನಗಿರುವುದು ಇದೊಂದೇ, ಇದರಲ್ಲಿ ನಾನು ಯಾರಿಗೂ ತಲೆಬಾಗುವುದಿಲ್ಲ.

ಆ ಹೊಲವನ್ನು ಹೋದ ವರ್ಷ ಜುಲೈ 3ರಂದು ಸಂಜೆ ಏಳಕ್ಕೆ ರೈಲಿನ ಕಿಟಕಿಯಿಂದ ಕಂಡೆ. ನಿಮ್ಮ ಊರಿಗೆ ಹತ್ತಿರದ ನಿಲ್ದಾಣ ದಾಟಿ, ಮರದ ಸೇತುವೆಗಿಂತ ಮುಂಚೆ, ಎಡಗಡೆ. ನೀಲಿಯಾಗಿತ್ತು. ದಯವಿಟ್ಟು ಇನ್ನೊಮ್ಮೆ ಗಮನವಿಟ್ಟು ನೋಡಿ.

ನಿ. ಒಬ್ನೋರಿನ್

*

ಝಲೂಗಿ
6 ಫೆಬ್ರವರಿ 1897

ಮಾನ್ಯ ನಿಕಾಂದ್ರ ಸಾವ್ವಿಚ್ ಅವರಿಗೆ,

ನಾನು ಶಾಲೆಯವಳಲ್ಲ. ಅಣ್ಣನ ಜೊತೆ ಹೊಲ ಮಾಡುವ ವಿಧವೆ. ಪಾದ್ರಿಯ ಹೆಂಡತಿ ಓದಲು ಕಲಿಸಿದರು, ಅದಕ್ಕೆ ಬದಲಾಗಿ ನಾನು ಅವರಿಗೆ ನೂಲಲು ಕಲಿಸಿದೆ. ನನ್ನ ಓದು ಅವರ ನೂಲಿಗಿಂತ ಚೆನ್ನಾಗಿದೆ.

ನೀವು ಅಷ್ಟು ಖಚಿತವಾಗಿ ಜಾಗ ಹೇಳಿದ್ದರಿಂದ ಗುಟ್ಟು ಬಯಲಾಯಿತು. ನಿಲ್ದಾಣ ದಾಟಿ, ಸೇತುವೆಗಿಂತ ಮುಂಚೆ, ಎಡಗಡೆ ಇರುವುದು ಯೆಗೋರನ ಹೊಲ. ಅಲ್ಲಿ ಯಾರೂ ಎಂದೂ ಅಗಸೆ ಬಿತ್ತಿಲ್ಲ. ಹೋದ ವರ್ಷ ಅದರಲ್ಲಿದ್ದದ್ದು ರೊಟ್ಟಿಗೆ ಬೆಳೆಯುವ ರೈ ಪೈರು. ಯೆಗೋರ್ ಬಿತ್ತನೆಯ ಬೀಜವನ್ನು ಜರಡಿ ಹಿಡಿಯುವವನಲ್ಲ, ಹೀಗಾಗಿ ಪೈರಿಗಿಂತ ವಸಿಲ್ಯೋಕ್ ಎಂಬ ನೀಲಿ ಕಳೆಯೇ ಹೆಚ್ಚಾಗಿ ಬೆಳೆದಿತ್ತು. ಅದು ಸಂಜೆಯೂ ನೀಲಿ, ಮಳೆಯಲ್ಲೂ ನೀಲಿ. ಇಡೀ ತಾಲ್ಲೂಕಿನಲ್ಲೇ ಹೆಸರಾದ ಸೋಮಾರಿಯ ಹೊಲ ನೋಡಿ ನೀವು ಮರುಳಾಗಿದ್ದೀರಿ! ವಿಷಯ ತಿಳಿದ ಯೆಗೋರ್ ಮೀಸೆ ತಿರುವುತ್ತಾ ಓಡಾಡುತ್ತಿದ್ದಾನೆ: "ನನ್ನ ಕಳೆ ಪೀಟರ್ಸ್‌ಬರ್ಗ್‌ನಲ್ಲಿ ಅಚ್ಚಾಗಿದೆ, ನಿಮ್ದೇನಾಗಿದೆ?"

ಒಂದೇ ಒಂದು ನನಗೆ ಅರ್ಥವಾಗುತ್ತಿಲ್ಲ. ರೈ ಎದೆಯೆತ್ತರ, ಅದಕ್ಕೆ ತೆನೆಯಿದೆ. ಅಗಸೆ ಸೊಂಟದೆತ್ತರ, ಅದಕ್ಕೆ ಸಣ್ಣ ಕಾಯಿ. ನಮ್ಮೂರಿನ ಮೂರು ವರ್ಷದ ಮಗುವೂ ಇವೆರಡನ್ನು ಒಂದು ಮಾಡುವುದಿಲ್ಲ. ಅತ್ತೆಯ ತುಟಿಯ ಮಡಿಕೆ ಕಂಡವರಿಗೆ ತೆನೆ ಹೇಗೆ ಕಾಣದೆ ಹೋಯಿತು?

ಉಸ್ತಿನ್ಯಾ

*

ಝಲೂಗಿ
30 ಮಾರ್ಚ್ 1897

ಮಾನ್ಯ ನಿಕಾಂದ್ರ ಸಾವ್ವಿಚ್ ಅವರಿಗೆ,

ಏಳು ವಾರ ಕಳೆದರೂ ಉತ್ತರವಿಲ್ಲ. ಒಂಬತ್ತನೆಯದಾದ ಮೇಲೆ ನಿಮ್ಮ ಅಧ್ಯಾಯವೂ ಬಂದಿಲ್ಲ, ಮಾರ್ಚ್ ಸಂಚಿಕೆಯಲ್ಲೂ ಇಲ್ಲ. 'ಲೇಖಕರು ಅಸ್ವಸ್ಥರು' ಎಂದು ಎರಡು ಪದ ಹಾಕಿದ್ದಾರೆ. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನೇ ಹಿಡಿದುಕೊಂಡಿದ್ದಾರೆ. "ನೀನೇ ಆ ದೊಡ್ಡ ಮನುಷ್ಯಂಗೆ ಏನೋ ಅಂದು ಮುನಿಸು ಬರ್ಸಿದ್ದೀಯ. ಈಗ ಅನ್ಫೀಸಾ ಗತಿಯೇನು? ಹೊಲದಲ್ಲೇ ಅಳ್ತಾ ನಿಂತಿರ್ಬೇಕಾ?"

ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಗಸೆ ಅಗಸೆಯೇ, ರೈ ರೈಯೇ. ಆದರೆ ನಕ್ಕಿದ್ದು ಸ್ವಲ್ಪ ಹೆಚ್ಚಾಯಿತೇನೋ. ಒಂದು ತಪ್ಪಿಗೆ ಇಡೀ ಪುಸ್ತಕ ನಿಲ್ಲಿಸುವುದು ಮಾತ್ರ ನ್ಯಾಯವಲ್ಲ. ನಮ್ಮಂಥವರ ಬದುಕನ್ನು ಯಾರೂ ಇಷ್ಟು ಹತ್ತಿರದಿಂದ ಬರೆದಿಲ್ಲ. ಮುಗಿಸಿ.

ಉಸ್ತಿನ್ಯಾ

*

ಪೀಟರ್ಸ್‌ಬರ್ಗ್
14 ಏಪ್ರಿಲ್ 1897

ಉಸ್ತಿನ್ಯಾ ಮಕಾರೊವ್ನಾ, ಕ್ರಿಸ್ತ ಎದ್ದಿದ್ದಾನೆ!

ಈಸ್ಟರ್ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಿದ್ದಾರೆ, ಮನೆಯಲ್ಲಿ ನಾನೊಬ್ಬನೇ. ಅದಕ್ಕೇ ಪತ್ರ ಚಿಕ್ಕದು. ನನಗೆ ಮುನಿಸಿಲ್ಲ. ಕೆಲಸ ಹೆಚ್ಚಿತ್ತು, ನೆಗಡಿಯಿತ್ತು. ನನ್ನ ಕಣ್ಣಿಗೆ ಏನೂ ಆಗಿಲ್ಲ. ರೈಲು ವೇಗವಾಗಿ ಹೋಗುತ್ತಿತ್ತು, ಅಷ್ಟೇ. ಮುಂದಿನ ಅಧ್ಯಾಯ ಬರುತ್ತದೆ.

ಒಬ್ನೋರಿನ್

*

ಝಲೂಗಿ
26 ಏಪ್ರಿಲ್ 1897

ಅಪ್ಪಾ ನಿಕಾಂದ್ರ ಸಾವ್ವಿಚ್, ನಿಜವಾಗಿಯೂ ಎದ್ದಿದ್ದಾನೆ.

ನಿಮ್ಮ ಕಣ್ಣಿಗೆ ಏನಾಗಿದೆ ಎಂದು ನಾನು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಜನವರಿಯ ಪತ್ರ ಮುತ್ತಿನಂಥ ಅಕ್ಷರದಲ್ಲಿತ್ತು, ಅದು ಬೇರೆ ಯಾರದೋ ಕೈ. ಈ ಪತ್ರದ ಸಾಲುಗಳು ದೊಡ್ಡಿಯ ಬಾಗಿಲಲ್ಲಿ ನುಗ್ಗಿದ ಕುರಿಗಳ ಹಾಗೆ ಒಂದರ ಮೇಲೊಂದು ಹತ್ತಿವೆ. ಕೊನೆಯ ಸಾಲಿನ ಅರ್ಧ ಕಾಗದ ದಾಟಿ ಮೇಜಿನ ಮೇಲೆ ಉಳಿದಿರಬೇಕು, ನಾನು ಊಹಿಸಿ ಓದಿಕೊಂಡೆ. ನನ್ನ ಅಪ್ಪ ಚರ್ಚಿನ ದಾಖಲೆಯಲ್ಲಿ ಹೀಗೇ ತನ್ನ ಹೆಸರು ಬರೆಯುತ್ತಿದ್ದ. ಕೊನೆಯ ಆರು ವರ್ಷ ಅವನಿಗೆ ಬೆಳಕು ಕಾಣುತ್ತಿತ್ತು, ಬಣ್ಣ ಕಾಣುತ್ತಿತ್ತು, ವಸ್ತು ಕಾಣುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಎತ್ತಿನ ಬಾಲ ಹಿಡಿದುಕೊಂಡು ಮನೆಗೆ ಬರುತ್ತಿದ್ದ, ನಾವು ಅದನ್ನು ಪ್ರೀತಿ ಅಂದುಕೊಂಡಿದ್ದೆವು.

ಎಷ್ಟು ದಿನದಿಂದ ಹೀಗಿದೆ? ಇದನ್ನು ಯಾರಿಗೂ ಓದಿ ಹೇಳಿಲ್ಲ, ಹೇಳುವುದೂ ಇಲ್ಲ.

ಉಸ್ತಿನ್ಯಾ

*

ಪೀಟರ್ಸ್‌ಬರ್ಗ್
9 ಮೇ 1897

ಉಸ್ತಿನ್ಯಾ ಮಕಾರೊವ್ನಾ,

ನಿಮ್ಮ ಪತ್ರವನ್ನು ಓದಿ ಹೇಳಿದ್ದು ನನ್ನ ತಂಗಿಯ ಮಗಳು ಜಿನಾಯ್ದಾ. ಮೂರು ವರ್ಷದಿಂದ ನನ್ನ ಗುಟ್ಟು ಗೊತ್ತಿದ್ದದ್ದು ಅವಳಿಗೆ ಮತ್ತು ವೈದ್ಯರಿಗೆ ಮಾತ್ರ. ನಡುವೆಯೇ ತಡೆದು, "ಸಾಕು, ಒಲೆಗೆ ಹಾಕು" ಅಂದೆ. ಅವಳು ಹಾಕಲಿಲ್ಲ. ಮೂರು ದಿನ ಕೋಪದಲ್ಲಿ ಉರಿದೆ. ಇಡೀ ಪೀಟರ್ಸ್‌ಬರ್ಗ್‌ನ ವಿಮರ್ಶಕರಿಗೆ ಕಾಣದ್ದು ಒಬ್ಬ ಹೊಲದ ಹೆಣ್ಣಿಗೆ ಕಂಡಿತಲ್ಲ ಎಂಬ ಕೋಪ. ನಾಲ್ಕನೆಯ ದಿನ ಕೋಪ ಹೋಗಿ ಹೊಟ್ಟೆಕಿಚ್ಚು ಬಂತು. ಅಂಥ ಕಣ್ಣು ನನಗಿತ್ತು ತಾಯಿ. ನಿಜವಾಗಿಯೂ ಇತ್ತು.

ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿಗೆ ಹಾಲಿನೊಳಗಿಂದ ನೋಡಿದಷ್ಟು ಕಾಣುತ್ತದೆ. ಆ ಸಂಜೆ ನನಗೆ ಕಂಡಿದ್ದು ನೀಲಿ, ಬರೀ ನೀಲಿ. "ಅದು ಅಗಸೆಯೇ?" ಎಂದು ಎದುರು ಕುಳಿತವನನ್ನು ಕೇಳಿದೆ. ಆತ ಇಸ್ಪೀಟಿನ ಎಲೆ ಕಲೆಸುವ ಸದ್ದನ್ನೂ ನಿಲ್ಲಿಸದೆ "ಹೌದು, ಅಗಸೆ" ಅಂದ. ಊಟಕ್ಕೆ ಮುಂಚಿನ ಮೂರು ಸಂಗತಿಗಳು ಮೂರು ವರ್ಷದಿಂದ ಇಲ್ಲ. ಹಳೆಯ ಪುಸ್ತಕಗಳಿಂದ ಓದಿಸಿಕೊಂಡು ಅಲ್ಲಿದ್ದದ್ದನ್ನೇ ಇಲ್ಲಿ ಇಟ್ಟು ಕಾದಂಬರಿ ಹೊಲಿಯುತ್ತಿದ್ದೇನೆ. ಇದು ನನ್ನ ಕೊನೆಯ ಪುಸ್ತಕ, ಅತ್ಯುತ್ತಮವಾದದ್ದೂ ಇದೇ. ಇನ್ನು ಆರು ಅಧ್ಯಾಯ ಉಳಿದಿವೆ, ಎಲ್ಲವೂ ಅಗಸೆಯ ಹೊಲದಲ್ಲಿ ನಡೆಯಬೇಕು, ಆ ಹೊಲ ನನ್ನ ಟಿಪ್ಪಣಿಗಳಲ್ಲಿಲ್ಲ.

ಒಂದು ಬೇಡಿಕೆ. ನನ್ನ ಪರವಾಗಿ ನೀವು ನೋಡಿ. ಬಿತ್ತನೆಯಿಂದ ಕೀಳುವ ತನಕ ಕಂಡದ್ದನ್ನು ವಾರಕ್ಕೊಮ್ಮೆ ಬರೆದು ಕಳಿಸಿ. ಪುಸ್ತಕ ಮುಗಿಯುತ್ತದೆ. ಯಾರಿಗೂ ತಿಳಿಯಬೇಕಾಗಿಲ್ಲ.

ಒಬ್ನೋರಿನ್

*

ಝಲೂಗಿ
22 ಮೇ 1897

ಅಪ್ಪಾ ನಿಕಾಂದ್ರ ಸಾವ್ವಿಚ್,

ನಿನ್ನೆ ಸಂತ ಓಲೆನಾಳ ಹಬ್ಬದ ದಿನ, ಅಗಸೆ ಬಿತ್ತಿದೆವು. ಬೀಜದ ಚೀಲದಲ್ಲಿ ಬೇಯಿಸಿದ ಮೊಟ್ಟೆ ಇಟ್ಟೆ. ಅಗಸೆ ನಾರು ಮೊಟ್ಟೆಯಷ್ಟು ಬೆಳ್ಳಗಾಗಲಿ ಎಂದು ಅಣ್ಣ ಹೊಲದಲ್ಲೇ ಸುಲಿದು ತಿಂದ. ಇಷ್ಟು ಮಾತ್ರ ಹೇಳುತ್ತೇನೆ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನಿಮ್ಮ ಬೇಡಿಕೆಗೆ ನಾನು ಒಪ್ಪುವುದಿಲ್ಲ. ಯಾಕೆಂದು ಹೇಳಬೇಕಾದರೆ ನಾನು ಮುಚ್ಚಿಟ್ಟಿದ್ದ ಒಂದು ವಿಷಯ ಹೇಳಬೇಕು. ಸಂಜೆ ಏಳರ ಆ ಸಾಲನ್ನು ಅವತ್ತು ಓದಿದಾಗ ತಪ್ಪು ಹಿಡಿದವಳು ಮೆಲಾನ್ಯಾ. ನಾನು ಓದಿ ಕಣ್ಣೀರು ಹಾಕಿದ್ದೆ. ಏಳನೆಯ ವರ್ಷದಿಂದ ಅಗಸೆ ಕಿತ್ತವಳು ನಾನು, ಸಂಜೆಯ ಹೊಲ ಹಸಿರೆಂದು ನನ್ನ ಕೈಬೆರಳಿಗೂ ಗೊತ್ತು. ಆದರೂ ನೀವು ನೀಲಿ ಅಂದಿರಿ, ನನಗೆ ನೀಲಿಯೇ ಕಂಡಿತು. ನನ್ನ ಕಣ್ಣು ತನ್ನನ್ನು ಬಿಟ್ಟು ನಿಮ್ಮನ್ನು ನಂಬಿತು. ಆ ನಾಚಿಕೆಯಿಂದಲೇ ನಿಮಗೆ ಅಷ್ಟು ಖಾರವಾಗಿ ಬರೆದದ್ದು.

ಅಷ್ಟು ಶಕ್ತಿ ಇರುವವರು ಕದ್ದ ಕಣ್ಣಿಂದ ಬರೆಯಬಾರದು. ನನ್ನ ಕಣ್ಣು ಅವರಿವರ ಮನೆಗೆ ಕೊಟ್ಟು ತರುವ ಜರಡಿಯಲ್ಲ. ಬೇಕಾದರೆ ನೇರವಾಗಿ ಪಡೆಯಿರಿ. ಒಂಬತ್ತನೆಯ ಅಧ್ಯಾಯದ ಹೊಲ ತಪ್ಪು, ನನಗೆ ಕಾಣಿಸುತ್ತಿಲ್ಲ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ. ಆಮೇಲೆ ನಾನೊಬ್ಬಳೇ ಏಕೆ, ಹದಿಮೂರು ಹೆಂಗಸರೂ ನಿಮಗಾಗಿ ನೋಡುತ್ತೇವೆ.

ಉಸ್ತಿನ್ಯಾ

*

ಪೀಟರ್ಸ್‌ಬರ್ಗ್
3 ಜೂನ್ 1897

ಉಸ್ತಿನ್ಯಾ ಮಕಾರೊವ್ನಾ,

ಸಾಧ್ಯವಿಲ್ಲ. 'ಕಣ್ಣು ಮುಚ್ಚಿತು' ಎಂದು ಮಾರನೆಯ ದಿನವೇ ಪತ್ರಿಕೆಗಳಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಇಪ್ಪತ್ತೆಂಟು ವರ್ಷ ನಿಜವಾಗಿ ಕಂಡು ಬರೆದದ್ದನ್ನೂ ಜನ ಅನುಮಾನಿಸುತ್ತಾರೆ. ಪುಸ್ತಕ ಅರ್ಧಕ್ಕೇ ನಿಲ್ಲಲಿ. ಅರ್ಧ ಕಟ್ಟಿದ ಮನೆಗೂ ಒಂದು ಮರ್ಯಾದೆಯಿದೆ, ಭಿಕ್ಷೆಯ ಇಟ್ಟಿಗೆಯಲ್ಲಿ ಕಟ್ಟಿದ ಮನೆಗೆ ಇಲ್ಲ.

ಒಬ್ನೋರಿನ್

*

ಝಲೂಗಿ
5 ಜುಲೈ 1897

ಅಪ್ಪಾ ನಿಕಾಂದ್ರ ಸಾವ್ವಿಚ್,

ಈ ಬೆಳಿಗ್ಗೆ ಅಗಸೆ ಮೊದಲ ಬಾರಿ ಅರಳಿತು. ಹೇಗಿತ್ತೆಂದು ನಾನು ಬರೆಯುವುದಿಲ್ಲ.

ದಿನವೂ ಹೊಸ ಹೂ ಬಿಡುತ್ತಾ ಒಂದು ವಾರ ಇರುತ್ತದೆ, ಬಿಸಿಲಿದ್ದರೆ ಹತ್ತು ದಿನ. ನಮ್ಮ ನಿಲ್ದಾಣದಲ್ಲಿ ರೈಲು ನಾಲ್ಕು ನಿಮಿಷ ನಿಲ್ಲುತ್ತದೆ. ಅಣ್ಣ ಗಾಡಿ ಕಟ್ಟಿಕೊಂಡು ಕಾಯುತ್ತಾನೆ.

ಉಸ್ತಿನ್ಯಾ

*

ಪೀಟರ್ಸ್‌ಬರ್ಗ್
27 ಜುಲೈ 1897

ತಾಯಿ ಉಸ್ತಿನ್ಯಾ ಮಕಾರೊವ್ನಾ,

ಸುರಕ್ಷಿತವಾಗಿ ತಲುಪಿದೆವು. ನೀವು ಕಟ್ಟಿಕೊಟ್ಟ ಎಲೆಕೋಸಿನ ಪೈಗಳನ್ನು ಜಿನಾಯ್ದಾ ರೈಲಿನಲ್ಲೇ ಖಾಲಿ ಮಾಡಿದಳು. ನನಗೆ ಉಳಿದದ್ದು ವಾಸನೆ.

ನಿಮ್ಮೂರಿಗೆ ಬಂದದ್ದೇಕೆಂದು ಅಲ್ಲಿ ನೀವು ಒಮ್ಮೆಯೂ ಕೇಳಲಿಲ್ಲ. ಜಂಭದವರು ನೀವು! ನಾನೇ ಹೇಳುತ್ತೇನೆ. "ಹೇಗಿತ್ತೆಂದು ಬರೆಯುವುದಿಲ್ಲ" ಎಂಬ ನಿಮ್ಮ ಸಾಲು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ನೀವು ವಿವರವಾಗಿ ಬರೆದಿದ್ದರೆ ನಾನು ಖಂಡಿತ ಬರುತ್ತಿರಲಿಲ್ಲ. ಕೋಲೂರಿಕೊಂಡು ಗಾಡಿಯಿಂದ ಇಳಿದಾಗ ಎಲ್ಲರೂ ಹಿಂದೆ ಸರಿದ ಹೆಜ್ಜೆ ಸದ್ದು ಕೇಳಿಸಿತು. ಮುಂದೆ ಬಂದವರು ಮೆಲಾನ್ಯಾ ಅಜ್ಜಿ ಒಬ್ಬರೇ: "ಏನಪ್ಪಾ, ಬೆಳಿಗ್ಗೆ ರೈಲಿಗೇ ಬಂದ್ಬಿಟ್ಟೆ? ಸಂಜೆ ಏಳಕ್ಕೆ ಬರ್ತೀಯ ಅಂತ ಕಾಯ್ತಿದ್ವಿ!" ನನಗೆ ಕಾಣದೆಂದು ತಿಳಿದೂ ನನ್ನನ್ನು ರೋಗಿಯಂತೆ ನೋಡದೆ ಮಾತಾಡಿದ ಮೊದಲ ಮನುಷ್ಯರು ಅವರೇ.

ಆ ಬೆಳಿಗ್ಗೆ ಹೊಲದಲ್ಲಿ ನಡೆದದ್ದನ್ನು ಬರೆಸುತ್ತಿದ್ದೇನೆ, ತಪ್ಪಿದ್ದರೆ ಹೇಳಿ. ನೀವೆಲ್ಲ ನಿಂತು ನೋಡುತ್ತಿದ್ದಿರಿ. ನಾನು ಬದುವಿನ ಮೇಲೆ ಕುಳಿತು, ಗಿಡಗಳ ಕೆಳಗೆ ಅಂಗೈ ಚಾಚಿದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಏನೋ ಒಂದು ಬಂದು ಕೈಮೇಲೆ ಕುಳಿತಿತು. ತೂಕವೇ ಇಲ್ಲ, ಸ್ವಲ್ಪ ತಂಪು, ಅಷ್ಟೇ. ಆಮೇಲೆ ಇನ್ನೊಂದು.

"ಬಿತ್ತು" ಅಂದೆ.

"ಏನೂ ಬಿದ್ದಿಲ್ಲ. ನಾನ್ ನೋಡ್ತಾನೇ ಇದ್ದೀನಿ" ಅಂದರು ಮೆಲಾನ್ಯಾ ಅಜ್ಜಿ.

"ಮೂರನೇದೂ ಬಿತ್ತು."

ಅಜ್ಜಿ ಗೊಣಗುತ್ತಾ ನನ್ನ ಪಕ್ಕ ಕುಳಿತರು, ಅವರ ಮಂಡಿಯ ಸದ್ದು ಕೇಳಿಸಿತು. ತಾವೂ ಕೈ ಚಾಚಿದರು. ಅವರ ಅಂಗೈಗೂ ಒಂದು ಎಸಳು ಬಿದ್ದಿರಬೇಕು. ಆಮೇಲೆ ಮೆಲ್ಲಗೆ, "ಅಯ್ಯೋ ನನ್ನಪ್ಪ! ಅರವತ್ತೆಂಟು ವರ್ಷ ಉದುರ್ತದೆ ಅಂತ ಹೇಳ್ಕೊಂಡೇ ಬಂದೆ. ಒಂದಿನಾನಾದ್ರೂ ಕೈಯೊಡ್ಡಿದ್ನಾ?" ಅಂದರು.

ಆ ದಿನ ಊಟಕ್ಕೆ ಕೂರುವ ಮುಂಚೆ ಜಿನಾಯ್ದಾಳಿಗೆ ಮೂರು ಸಂಗತಿ ಬರೆಸಿದೆ. ಮೂರೂ ಆ ದಿನದವೇ, ಹಳೆಯ ಪುಸ್ತಕದಿಂದ ತೆಗೆದದ್ದಲ್ಲ. ಎಷ್ಟು ಹಸಿವಾಗಿತ್ತು ಗೊತ್ತೇ!

ಹತ್ತನೆಯ ಅಧ್ಯಾಯ ಬರೆಯುತ್ತಿದ್ದೇನೆ. ನಿಮ್ಮ ಷರತ್ತಿನ ಬಗ್ಗೆ ಏನು ತೀರ್ಮಾನ ಮಾಡಿದೆನೆಂದು ಹೇಳುವುದಿಲ್ಲ. ಬರೆಯದೆ ಉಳಿಸುವ ವಿದ್ಯೆಯನ್ನು ನಿಮ್ಮಿಂದಲೇ ಕಲಿತೆ.

ನಿಮ್ಮ ನಿಕಾಂದ್ರ ಸಾವ್ವಿಚ್

*

ಝಲೂಗಿ
2 ನವೆಂಬರ್ 1897

ಅಪ್ಪಾ ನಿಕಾಂದ್ರ ಸಾವ್ವಿಚ್,

ಅಕ್ಟೋಬರ್ ಸಂಚಿಕೆ ಬಂತು. ಪಾದ್ರಿಯ ಹೆಂಡತಿ ಈ ಸಲ ತಾವು ಓದುವ ಮುಂಚೆಯೇ ತಂದುಕೊಟ್ಟರು. "ಮೊದಲು ನಿಮ್ಮದು" ಅಂದರು. ನಾನು ಒಳಗೆ ಇಣುಕಲಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಎಲ್ಲರ ಜೊತೆಗೇ ತಿಳಿಯಲಿ ಎಂದು ಹಾಗೇ ಕೂಟಕ್ಕೆ ಒಯ್ದೆ.

ಅಧ್ಯಾಯದ ಮೇಲೆ ನಿಮ್ಮ ಟಿಪ್ಪಣಿಯಿತ್ತು. ಗಟ್ಟಿಯಾಗಿ ಓದಿದೆ. "ಒಂಬತ್ತನೆಯ ಅಧ್ಯಾಯದಲ್ಲಿ ಸಂಜೆ ಏಳು ಗಂಟೆಗೆ ಅಗಸೆ ಹೊಲ ನೀಲಿಯಾಗಿತ್ತೆಂದು ಬರೆದಿದ್ದೇನೆ. ಅದು ಅಗಸೆಯಲ್ಲ, ಕಳೆ ತುಂಬಿದ ರೈ. ನನಗೆ ಕಾಣಿಸುತ್ತಿರಲಿಲ್ಲ, ಕಾಣುತ್ತಿದೆ ಎಂದು ನಟಿಸಿದೆ. ಇನ್ನು ಮುಂದೆ ಮುಟ್ಟಿದ್ದನ್ನು, ಕೇಳಿದ್ದನ್ನು, ಹಾಗೂ ಝಲೂಗಿ ಗ್ರಾಮದ ಹದಿಮೂರು ಹೆಂಗಸರು ನನಗಾಗಿ ಕಂಡದ್ದನ್ನು ಬರೆಯುತ್ತೇನೆ. ಅವರ ಹೆಸರುಗಳು ಹೀಗಿವೆ." ಒಂದೊಂದೇ ಹೆಸರು ಓದಿದೆ. ತಂದೆಯ ಹೆಸರೂ ಸೇರಿಸಿ ದೊಡ್ಡವರಿಗೆ ಹಾಕುವಂತೆ ಹಾಕಿದ್ದೀರಿ. ನಮ್ಮನ್ನು ತೆರಿಗೆಯವನು ಕೂಡ ಹಾಗೆ ಕರೆದವನಲ್ಲ. ತನ್ನ ಹೆಸರು ಬಂದಾಗ ದಾರ್ಯಾ ಎದ್ದು ನಿಂತಳು, ಯಾಕೆ ನಿಂತೆನೆಂದು ಅವಳಿಗೇ ಗೊತ್ತಿಲ್ಲ. ಆಮೇಲೆ ಉಳಿದವರೂ ತಮ್ಮ ತಮ್ಮ ಹೆಸರಿಗೆ ಎದ್ದು ನಿಂತರು. ನನ್ನ ಹೆಸರು ಕೊನೆಯಲ್ಲಿತ್ತು, ಓದಲಾಗಲಿಲ್ಲ. ನಿಮ್ಮ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಮುಚ್ಚಿಟ್ಟುಕೊಳ್ಳುವ ಜಂಭ ನನ್ನಲ್ಲಿ ಉಳಿದಿಲ್ಲ.

ನಿಮ್ಮ ಪತ್ರಿಕೆಗಳು ಏನಂದವೋ ನಮಗೆ ತಿಳಿಯದು. ಇಲ್ಲಿ ಒಂದು ಮಾತು ಬಂತು, ಅದನ್ನೂ ಬರೆಯುತ್ತೇನೆ. ಚರ್ಚಿನಲ್ಲಿ ಪಾದ್ರಿಗೆ ಸಹಾಯಕನಾಗಿರುವ ದಿಯಾಕನ್ ಬೆಂಕಿ ಕಾಯಿಸಿಕೊಳ್ಳಲು ಬಂದು ಬಾಗಿಲ ಹತ್ತಿರ ನಿಂತಿದ್ದ. "ಕುರುಡ ಬರ್ದಿದ್ದನ್ನ ಕೇಳೋಕೆ ಇಷ್ಟು ಜನಾನಾ?" ಅಂದ. ಮೆಲಾನ್ಯಾ ಅಜ್ಜಿ ತಿರುಗಿ, "ಯಾರಯ್ಯ ಕುರುಡ? ಮೂವತ್ತು ವರ್ಷದಿಂದ ದಿನಾ ನನ್ ಹೊಲದ ಬದುವಿನ ಮೇಲೇ ಹೋಗ್ತೀಯಲ್ಲ, ನೀನೇನ್ ನೋಡ್ದೆ? ಹೇಳು, ಒಂದು ಹೇಳು!" ಅಂದಳು. ಅವನು ಬೂಟಿನ ಹಿಮ ಕೊಡವತೊಡಗಿದ. "ಹಂಗಾದ್ರೆ ಬಾಯ್ಮುಚ್ಕೊಂಡ್ ಕೇಳು. ಓದಮ್ಮ ಉಸ್ತಿನ್ಯಾ. ನಮ್ಮೋನು ಏನ್ ನೋಡ್ದ ಅಂತ ಓದು."

ಅಧ್ಯಾಯ ಓದಿದೆ. ಹೊಲದಲ್ಲಿ ಅನ್ಫೀಸಾ ಗಿಡಗಳ ಕೆಳಗೆ ಕೈಚಾಚಿ ಕುಳಿತಿರುವ ಪುಟಕ್ಕೆ ಬಂದಾಗ ಕದಿರುಗಳ ಸದ್ದು ನಿಂತಿತು. ನಮ್ಮ ಕೂಟದಲ್ಲಿ ಹಾಗೆ ಎಂದೂ ಆದದ್ದಿಲ್ಲ, ಬೈಗುಳ ನಡೆಯುತ್ತಿರಲಿ, ಅಳು ನಡೆಯುತ್ತಿರಲಿ, ಕೈ ಮಾತ್ರ ನೂಲುತ್ತಲೇ ಇರುತ್ತದೆ. ಏನಾಯಿತೆಂದು ತಲೆಯೆತ್ತಿ ನೋಡಿದೆ. ಹೆಂಗಸರೆಲ್ಲ ಕದಿರು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಮಡಿಲಲ್ಲಿ ಅಂಗೈ ಬಿಚ್ಚಿಟ್ಟುಕೊಂಡು ಕುಳಿತಿದ್ದರು. ಬಾಗಿಲ ಹತ್ತಿರ ದಿಯಾಕನ್ ಸದ್ದಾಗದಂತೆ ಕೈಗವಸು ಕಳಚುತ್ತಿದ್ದ.

ಉಸ್ತಿನ್ಯಾ